ವಿಚಿತ್ರವಾದುದನ್ನು ಕಾಣುವ ಕಣ್ಣು

‘ವಿಚಿತ್ರ’ ಎಂಬ ಮಾತನ್ನು ನಾವು ದಿನಕ್ಕೆ ಹಲವು ಬಾರಿ ಆಡುತ್ತೇವೆ. ವಿಚಿತ್ರ ಮನುಷ್ಯ, ವಿಚಿತ್ರ ವೇಷ, ವಿಚಿತ್ರ ಹಾಡು ಎಂದು ಹೇಳುವಾಗ ನಮ್ಮ ತುಟಿಯಂಚಿನಲ್ಲಿ ಒಂದು ಕಿರುನಗೆ ಸುಳಿಯದೆ ಇರುವುದಿಲ್ಲ. ಆದರೆ ಸಂಸ್ಕೃತದಿಂದ ನಮ್ಮ ನುಡಿಗೆ ಬಂದ ಈ ಶಬ್ದದ ಮೂಲಾರ್ಥದಲ್ಲಿ ಪರಿಹಾಸಕ್ಕೆ ಎಡೆಯಿಲ್ಲ. ಬಗೆಬಗೆಯ ಬಣ್ಣಗಳುಳ್ಳದ್ದು, ನಾನಾ ಪ್ರಕಾರವಾದದ್ದು, ಬೆರಗನ್ನು ಹುಟ್ಟಿಸುವಂಥದು ಎಂಬುದೇ ಅದರ ಹಳೆಯ ಅರ್ಥ. ಬೆರಗು ಹೋಗಿ ನಗೆ ಮಾತ್ರ ಉಳಿದುದು ಶಬ್ದದ ದೋಷವಲ್ಲ. ಅದನ್ನು ಬಳಸುವ ನಮ್ಮ ಕಣ್ಣಿನ ದೋಷ.

ಕಲೆ, ವಿನ್ಯಾಸ, ಸಂಗೀತ, ಚಲಚ್ಚಿತ್ರ ಈ ನಾಲ್ಕು ಕ್ಷೇತ್ರಗಳಲ್ಲಿಯೂ ಬಹುಕಾಲ ಯಾರ ಲಕ್ಷ್ಯಕ್ಕೂ ಬಾರದೆ ಮೂಲೆಯಲ್ಲಿದ್ದು, ಮುಂದೆ ಯಾರೋ ಒಬ್ಬರ ಕಣ್ಣಿಗೆ ಬಿದ್ದು ಲೋಕದ ಆದರವನ್ನು ಪಡೆದ ಕೃತಿಗಳುಂಟು. ಅಂಥ ಕೆಲವನ್ನು ಆರಿಸಿಕೊಂಡು, ಅವು ಹೇಗೆ ಹುಟ್ಟಿದುವು, ಹೇಗೆ ಮರೆಯಾಗಿದ್ದುವು, ಹೇಗೆ ಬೆಳಕಿಗೆ ಬಂದುವು ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದನ್ನು ಬರೆಯಲು ಪ್ರೇರಣೆಯಾದದ್ದು ನನ್ನದೇ ಒಂದು ತಪ್ಪು. ಅದನ್ನು ಕೊನೆಯಲ್ಲಿ ಒಪ್ಪಿಸುತ್ತೇನೆ.

ಎಡವಿದ ಕಲ್ಲು

ಫ್ರಾನ್ಸ್ ದೇಶದ ಆಗ್ನೇಯ ಭಾಗದಲ್ಲಿ ಓಟ್‌ರೀವ್ ಎಂಬುದೊಂದು ಹಳ್ಳಿ. ಅಲ್ಲಿ ಫೆರ್ಡಿನಾಂಡ್ ಶೆವಾಲ್ ಎಂಬ ಅಂಚೆಯವನಿದ್ದನು. ಹುಟ್ಟಿದ್ದು ೧೮೩೬ರಲ್ಲಿ, ಓದಿದ್ದು ಅಲ್ಪ. ದಿನವೂ ಸುಮಾರು ಮೂವತ್ತು ಕಿಲೋಮೀಟರು ನಡೆದು ಕಾಗದಗಳನ್ನು ಹಂಚುವುದು ಅವನ ಕಾಯಕ. ೧೮೭೯ರಲ್ಲಿ ಒಂದು ದಿನ ದಾರಿಯಲ್ಲಿ ಒಂದು ಕಲ್ಲನ್ನು ಎಡವಿದನು. ಎಡವಿದವರು ಸಾಮಾನ್ಯವಾಗಿ ಕಲ್ಲನ್ನು ಶಪಿಸಿ ಮುಂದೆ ಹೋಗುತ್ತಾರೆ. ಶೆವಾಲ್ ಬಗ್ಗಿ ಅದನ್ನು ಕೈಗೆತ್ತಿಕೊಂಡು ನೋಡಿದನು. ಆಕಾರ ವಿಲಕ್ಷಣವಾಗಿದ್ದಿತು. ಜೇಬಿನಲ್ಲಿಟ್ಟುಕೊಂಡು ಮನೆಗೆ ತಂದನು. ಮರುದಿನ ಅದೇ ಎಡೆಗೆ ಹೋಗಿ ಮತ್ತಷ್ಟು ತಂದನು. ಮೊದಲು ಜೇಬು, ಅನಂತರ ಬುಟ್ಟಿ, ಕೊನೆಗೆ ಒಂದು ಕೈಗಾಡಿ. ಹೀಗೆ ಮೂವತ್ತಮೂರು ವರ್ಷ ಕಲ್ಲು ಹೊತ್ತು, ಸುಣ್ಣ ಸಿಮೆಂಟುಗಳಿಂದ ಒಂದಕ್ಕೊಂದು ಬೆಸೆದು, ಇಪ್ಪತ್ತಾರು ಮೀಟರು ಉದ್ದದ ಒಂದು ಅರಮನೆಯನ್ನು ತನ್ನ ತೋಟದಲ್ಲಿ ಒಬ್ಬನೇ ಕಟ್ಟಿ ನಿಲ್ಲಿಸಿದನು. ಕೆಲಸ ಮುಗಿದದ್ದು ೧೯೧೨ರಲ್ಲಿ.

ಈ ಅರಮನೆಯಲ್ಲಿ ವಾಸಮಾಡುವಂತಿಲ್ಲ. ಅದು ಕನಸಿಗೆ ಕಟ್ಟಿದ ಗೋಡೆ. ಅದರಲ್ಲಿ ಮೂವರು ದೈತ್ಯಾಕಾರದ ವೀರರು ನಿಂತಿದ್ದಾರೆ, ಪ್ರಾಣಿಗಳಿವೆ, ಬಳ್ಳಿಗಳಿವೆ, ಒಂದು ಮಸೀದಿ, ಒಂದು ಸ್ವಿಸ್ ಗುಡಿಸಲು, ಇವುಗಳ ನೆರೆಯಲ್ಲಿ ಒಂದು ಹಿಂದೂ ದೇವಾಲಯವೂ ಉಂಟು. ಶೆವಾಲ್ ನಮ್ಮ ದೇಶವನ್ನು ಕಂಡವನಲ್ಲ. ತಾನು ಹಂಚಬೇಕಾಗಿದ್ದ ಚಿತ್ರಪತ್ರಿಕೆಗಳ ಮತ್ತು ಕಾರ್ಡುಗಳ ಚಿತ್ರಗಳನ್ನು ದಾರಿಯಲ್ಲಿ ನೋಡಿ ನೋಡಿ ಅವನು ಪ್ರಪಂಚವನ್ನು ಕಲಿತನು. ನೆರೆಹೊರೆಯವರು ಅವನಿಗೆ ತಲೆ ಕೆಟ್ಟಿದೆಯೆಂದರು. ಅವನು ೧೯೨೪ರಲ್ಲಿ ತೀರಿಕೊಂಡನು. ಕವಿಗಳೂ ಚಿತ್ರಕಾರರೂ ಆ ಅರಮನೆಯನ್ನು ಹುಡುಕಿಕೊಂಡು ಹೋದರು. ಪಿಕಾಸೋ ಸಹ ಅದನ್ನು ಮೆಚ್ಚಿದನು. ಸರಕಾರದಲ್ಲಿ ವಿರೋಧವಿದ್ದರೂ, ಸಂಸ್ಕೃತಿ ಮಂತ್ರಿಯಾಗಿದ್ದ ಸಾಹಿತಿ ಆಂದ್ರೆ ಮಾಲ್ರೋ ೧೯೬೯ರಲ್ಲಿ ಅದನ್ನು ರಾಷ್ಟ್ರದ ಸ್ಮಾರಕಗಳ ಸಾಲಿಗೆ ಸೇರಿಸಿದನು.

ಇಲ್ಲಿ ಗಮನಿಸಬೇಕಾದುದು ಒಂದುಂಟು. ಶೆವಾಲನ ಜೀವನದಲ್ಲಿ ಶೋಧ ಎರಡು ಸಲ ನಡೆಯಿತು. ಕಲ್ಲನ್ನು ಅವನು ಕಂಡದ್ದು ಮೊದಲನೆಯದು. ಅವನನ್ನು ಲೋಕ ಕಂಡದ್ದು ಎರಡನೆಯದು. ಮೊದಲನೆಯದಕ್ಕೆ ಹಿಡಿದದ್ದು ಒಂದು ಕ್ಷಣ. ಎರಡನೆಯದಕ್ಕೆ ಹಿಡಿದದ್ದು ಒಂದು ತಲೆಮಾರು.

ಕಾನೂನಿನ ಕಣ್ಣಿಗೆ ಬಿದ್ದ ತೋಟ

ಇದೇ ಬಗೆಯ ಒಂದು ವೃತ್ತಾಂತ ನಮ್ಮ ದೇಶದಲ್ಲಿಯೇ ನಡೆದಿದೆ. ಶ್ರೀ ನೇಕ್ ಚಂದ್ ಸೈನಿ ಎಂಬುವರು ೧೯೨೪ರಲ್ಲಿ, ಇಂದು ಪಾಕಿಸ್ತಾನಕ್ಕೆ ಸೇರಿರುವ ಒಂದು ಹಳ್ಳಿಯಲ್ಲಿ ಜನಿಸಿದರು. ದೇಶವಿಭಜನೆಯ ಕಾಲದಲ್ಲಿ ಮನೆಮಠಗಳನ್ನು ಬಿಟ್ಟು ಇತ್ತ ಬಂದು, ಚಂಡೀಗಢದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಇನ್‌ಸ್ಪೆಕ್ಟರಾಗಿ ಸೇರಿದರು. ಆಗ ಚಂಡೀಗಢವನ್ನು ಕಾರ್ಬೂಸಿಯೇ ಎಂಬ ವಿಖ್ಯಾತ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸದಾಗಿ ಕಟ್ಟುತ್ತಿದ್ದರು. ಗೆರೆ ಎಳೆದಂಥ ಬೀದಿಗಳು, ಅಳತೆಗೆ ಕೊಯ್ದಂಥ ಕಟ್ಟಡಗಳು. ಈ ನಗರಕ್ಕೆ ಜಾಗ ಮಾಡಿಕೊಡಲು ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳನ್ನು ತೆಗೆದುಹಾಕಲಾಯಿತು. ಆ ಮನೆಗಳ ಹೆಂಚು, ಮಡಕೆ, ಬಳೆಯ ಚೂರುಗಳೆಲ್ಲ ರಾಶಿರಾಶಿಯಾಗಿ ಬಿದ್ದಿದ್ದುವು.

೧೯೫೦ರ ದಶಕದ ಕೊನೆಯಲ್ಲಿ ನೇಕ್ ಚಂದರು ಆ ರಾಶಿಯನ್ನು ಸೈಕಲ್ಲಿನ ಮೇಲೆ ಹೇರಿಕೊಂಡು ಸುಖ್ನಾ ಕೆರೆಯ ಬಳಿಯ ಒಂದು ಕಾಡುಕೊರಕಲಿಗೆ ಸಾಗಿಸತೊಡಗಿದರು. ಶಿವಾಲಿಕ ಬೆಟ್ಟದ ತಪ್ಪಲಿನಿಂದ ವಿಚಿತ್ರ ಆಕಾರದ ಕಲ್ಲುಗಳನ್ನು ಆಯ್ದು ತಂದರು. ಹಗಲು ಸರಕಾರಿ ಕೆಲಸ. ಸಂಜೆಯಾದ ಮೇಲೆ ಸ್ವಂತ ಕೆಲಸ. ಬೆಳಕಿಗೆ ಹಳೆಯ ಟಯರುಗಳನ್ನು ಉರಿಸುತ್ತಿದ್ದರಂತೆ. ಒಡೆದ ಪಿಂಗಾಣಿಯಿಂದ ನರ್ತಕಿಯರು, ಬಳೆಚೂರುಗಳಿಂದ ಅವರ ಸೀರೆಗಳು, ಸೈಕಲ್ಲಿನ ಚೌಕಟ್ಟುಗಳಿಂದ ಪ್ರಾಣಿಗಳ ಮೈಗಳು ಹೀಗೆ ಒಂದು ಪ್ರಜಾಸಮೂಹವೇ ಅಲ್ಲಿ ಎದ್ದು ನಿಂತಿತು. ಆ ಜಾಗ ಕಟ್ಟಡಗಳಿಗೆ ನಿಷಿದ್ಧವಾದ ಸರಕಾರಿ ಭೂಮಿ. ಆದುದರಿಂದ ಈ ಕಾರ್ಯವೆಲ್ಲ ಗೋಪ್ಯವಾಗಿ ಸುಮಾರು ಹದಿನೈದು ವರ್ಷ ನಡೆಯಿತು.

೧೯೭೦ರ ದಶಕದ ಮಧ್ಯದಲ್ಲಿ ಈ ತೋಟ ಅಧಿಕಾರಿಗಳ ಕಣ್ಣಿಗೆ ಬಿದ್ದಿತು. ಕಾನೂನಿನ ಪ್ರಕಾರ ಮಾಡಬೇಕಾಗಿದ್ದದ್ದು ಸ್ಪಷ್ಟ: ಒತ್ತುವರಿಯನ್ನು ಕೆಡವುವುದು, ನೌಕರನ ಮೇಲೆ ಕ್ರಮ ಕೈಗೊಳ್ಳುವುದು. ಆದರೆ ಕೊರಕಲಿನೊಳಕ್ಕೆ ಇಳಿದವರು ಅಲ್ಲಿ ಕಂಡದ್ದನ್ನು ಕೆಡವಲಾರದೆ ಹೋದರು. ೧೯೭೬ರಲ್ಲಿ ತೋಟವನ್ನು ಸಾರ್ವಜನಿಕರಿಗೆ ತೆರೆದರು. ತಪ್ಪು ಮಾಡಿದ ಇನ್‌ಸ್ಪೆಕ್ಟರಿಗೆ ಆ ತೋಟದ ಅಧಿಕಾರವನ್ನೇ ಕೊಟ್ಟು, ಸಂಬಳ ಗೊತ್ತುಮಾಡಿ, ಐವತ್ತು ಮಂದಿ ಆಳುಗಳನ್ನು ಒದಗಿಸಿದರು. ೧೯೮೪ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಇಂದು ಆ ‘ರಾಕ್ ಗಾರ್ಡನ್’ ಸುಮಾರು ನಲವತ್ತು ಎಕರೆಗಳಲ್ಲಿ ಹಬ್ಬಿದೆ.

ಆದರೆ ಒಮ್ಮೆ ಬೆಳಕಿಗೆ ಬಂದುದು ಎಂದೆಂದಿಗೂ ಸುರಕ್ಷಿತವೆಂದು ಭಾವಿಸಬಾರದು. ಮುಂದೊಮ್ಮೆ ರಸ್ತೆಗೆಂದು ಬುಲ್ಡೋಜರುಗಳು ಬಂದಾಗ ಊರಿನ ಜನರೇ ಅಡ್ಡ ನಿಂತು ತಡೆಯಬೇಕಾಯಿತು. ನೇಕ್ ಚಂದರು ೨೦೧೫ರಲ್ಲಿ ಕಾಲವಾದರು. ಹತ್ತು ವರ್ಷದ ಬಳಿಕ, ೨೦೨೫ರಲ್ಲಿ, ಸಮೀಪದ ಉಚ್ಚ ನ್ಯಾಯಾಲಯದ ವಾಹನಗಳ ಸೌಕರ್ಯಕ್ಕಾಗಿ ತೋಟದ ಗೋಡೆಯ ಒಂದು ಭಾಗವನ್ನು ಕೆಡವಿದರು, ನಾಗರಿಕರು ಪ್ರತಿಭಟಿಸಿದರು. ಶೋಧವೆಂಬುದು ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸವಲ್ಲ. ಪ್ರತಿ ತಲೆಮಾರೂ ಅದನ್ನು ಮತ್ತೆ ಮಾಡಬೇಕು.

ಹಿತ್ತಲ ಗಿಡ ಮದ್ದಲ್ಲ

ಅರಮನೆಯೂ ತೋಟವೂ ಕಣ್ಣಿಗೆ ಹೊಡೆಯುವಂಥವು. ಆದರೆ ವಿಚಿತ್ರವಾದುದು ಅತಿ ಪರಿಚಯದ ಹಿಂದೆಯೂ ಅಡಗಿರಬಹುದು. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ನಮ್ಮ ಗಾದೆ ಇದನ್ನೇ ಹೇಳುತ್ತದೆ.

ಭಾರತ ಸರಕಾರದ ಆಹ್ವಾನದ ಮೇರೆಗೆ ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಈಮ್ಸ್ ಮತ್ತು ಅವರ ಪತ್ನಿ ರೇ ಈಮ್ಸ್ ದೇಶವನ್ನು ಸುತ್ತಿ ೧೯೫೮ರಲ್ಲಿ ಒಂದು ವರದಿಯನ್ನು ಸಲ್ಲಿಸಿದರು. ಹೊಸ ಕೈಗಾರಿಕೆಗಳ ಕಾಲದಲ್ಲಿ ನಾವು ಬಳಸುವ ವಸ್ತುಗಳ ರೂಪ ಹೇಗಿರಬೇಕೆಂಬುದು ಅದರ ವಿಷಯ. ತಾವು ನೋಡಿದ ವಸ್ತುಗಳಲ್ಲೆಲ್ಲ ಅವರು ಅತ್ಯಂತ ಮೆಚ್ಚಿಕೊಂಡದ್ದು ಯಾವುದೆಂದು ಊಹಿಸಬಲ್ಲಿರಾ? ರತ್ನಾಭರಣವಲ್ಲ, ರೇಷ್ಮೆಯ ಪೀತಾಂಬರವಲ್ಲ. ಉತ್ತರದವರು ‘ಲೋಟಾ’ ಎನ್ನುವ, ನಾವು ಚೊಂಬು ಎನ್ನುವ ನೀರಿನ ಪಾತ್ರೆ!

ಅವರು ಅದನ್ನು ಬರಿದೆ ಹೊಗಳಿ ಬಿಡಲಿಲ್ಲ, ವಿಚಾರಮಾಡಿದರು. ಈ ಪಾತ್ರೆಯನ್ನು ಹೊಸದಾಗಿ ರೂಪಿಸುವ ಒಬ್ಬನು ಏನೇನನ್ನು ಯೋಚಿಸಬೇಕಾದೀತು? ಎಷ್ಟು ನೀರು ಹಿಡಿಯಬೇಕು; ಹೊರುವವರ ಕೈ ಎಷ್ಟು ದೊಡ್ಡದು, ಎಷ್ಟು ಬಲವುಳ್ಳದ್ದು; ತಲೆಯ ಮೇಲೋ ಸೊಂಟದ ಮೇಲೋ ಕೈಯಲ್ಲೋ ಹೊರುವುದು; ತುಂಬಿದಾಗಲೂ ಬರಿದಾದಾಗಲೂ ತೂಕ ಎಲ್ಲಿ ನಿಲ್ಲಬೇಕು; ಬಗ್ಗಿಸಿದಾಗ ನೀರು ಹೇಗೆ ಹರಿಯಬೇಕು; ಬಿಸಿನೀರಾದರೆ ಹಿಡಿಯುವುದೆಲ್ಲಿ; ತೊಳೆಯುವುದು ಹೇಗೆ; ಮತ್ತೊಂದು ಪಾತ್ರೆಗೆ ತಗುಲಿದಾಗ ಎಂಥ ನಾದ ಹೊರಡಬೇಕು. ಒಬ್ಬ ವಿನ್ಯಾಸಕಾರನು ಕುಳಿತು ಇವನ್ನೆಲ್ಲ ಲೆಕ್ಕಹಾಕಿ ಚೊಂಬನ್ನು ಮಾಡಿದ್ದಲ್ಲ. ಹೆಸರಿಲ್ಲದ ಎಷ್ಟೋ ಜನರು, ಎಷ್ಟೋ ತಲೆಮಾರುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತ ಬಂದುದರ ಫಲ ಅದು.

ದಿನವೂ ಬೆಳಗ್ಗೆ ಆ ಪಾತ್ರೆಯ ಕೊರಳನ್ನು ಹಿಡಿದು ನೀರೆತ್ತುವ ನಮಗೆ ಈ ಪ್ರಶ್ನೆಗಳು ಹೊಳೆಯಲಿಲ್ಲ. ಹೊರಗಿನವರು ಜಾಣರು, ನಾವು ದಡ್ಡರು ಎಂದಲ್ಲ. ಅವರು ಅದನ್ನು ಮೊದಲ ಬಾರಿ ನೋಡಿದರು, ಅಷ್ಟೆ. ದಿನವೂ ಕಾಣುವುದನ್ನು ಮೊದಲ ಬಾರಿ ಕಂಡಂತೆ ನೋಡುವುದು ಒಂದು ಅಭ್ಯಾಸ. ಅಭ್ಯಾಸದಿಂದ ಬರುವಂಥದನ್ನು ನಾವೂ ಗಳಿಸಬಹುದು.

ಅಂಗಡಿಯ ತಟ್ಟೆ, ಭಂಡಾರದ ಸುರುಳಿ

ಈಮ್ಸ್ ದಂಪತಿಗಳ ವರದಿಯ ತರುವಾಯ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪಿತವಾಯಿತು. ಸಂಗೀತದ ಒಂದು ಸೋಜಿಗದ ಶೋಧ ಇದೇ ಸಂಸ್ಥೆಯಲ್ಲಿ ನಡೆದಿದೆ.

ವಿದ್ಯುತ್ತಿನಿಂದಲೇ ನಾದವನ್ನು ಹುಟ್ಟಿಸುವ ‘ಸಿಂಥಸೈಜರ್’ ಎಂಬ ವಾದ್ಯವನ್ನು ಅಮೆರಿಕದ ರಾಬರ್ಟ್ ಮೋಗ್ ೧೯೬೪ರಲ್ಲಿ ರೂಪಿಸಿದನು. ಅದರಲ್ಲಿ ತಂತಿಯ ಕಂಪನವಿಲ್ಲ, ಕೊಳಲಿನ ಉಸಿರಿಲ್ಲ. ವಿದ್ಯುತ್ತಿನ ಒತ್ತಡವನ್ನು ಏರಿಸಿದರೆ ಸ್ವರ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಅಂಥ ಒಂದು ಯಂತ್ರ ೧೯೬೯ರಲ್ಲಿ ಅಹಮದಾಬಾದಿಗೆ ಬಂದಿತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಒಂದು ಪ್ರಯೋಗಶಾಲೆಯನ್ನು ಏರ್ಪಡಿಸಿದನು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮ, ಜಿನರಾಜ ಜೋಶಿಪುರಾ ಇವರೆಲ್ಲ ಅದರಲ್ಲಿ ಪ್ರಯೋಗಗಳನ್ನು ನಡೆಸಿ ಕಾಂತಸುರುಳಿಗಳಲ್ಲಿ ಮುದ್ರಿಸಿದರು. ೧೯೭೨ರ ಹೊತ್ತಿಗೆ ಆ ಉತ್ಸಾಹ ತಗ್ಗಿತು. ಸುರುಳಿಗಳು ಭಂಡಾರ ಸೇರಿದುವು. ಭಾರತದಲ್ಲಿ ಆ ಕಾಲದಲ್ಲಿಯೇ ಇಂಥ ಸಂಗೀತ ರಚಿತವಾಗಿತ್ತೆಂಬುದನ್ನು ಸಂಗೀತಲೋಕವೇ ಮರೆಯಿತು. ೨೦೧೭ರಲ್ಲಿ ಪಾಲ್ ಪರ್ಗಾಸ್ ಎಂಬ ಲಂಡನ್ನಿನ ಕಲಾವಿದರು ಭಂಡಾರದಲ್ಲಿ ಅವುಗಳನ್ನು ಕಂಡು, ಸರಿಪಡಿಸಿ, ಕೇಳುವಂತೆ ಮಾಡಿದರು. ಆಯ್ದ ರಚನೆಗಳ ಸಂಪುಟ ೨೦೨೩ರಲ್ಲಿ ಪ್ರಕಟವಾಯಿತು. ಅರ್ಧ ಶತಮಾನದ ಮೌನದ ಬಳಿಕ ಆ ನಾದ ಮತ್ತೆ ಕಿವಿಗೆ ಬಿದ್ದಿತು.

ಎರಡನೆಯ ದೃಷ್ಟಾಂತ ಮುಂಬಯಿಯ ಚರಣ್‌ಜಿತ್ ಸಿಂಗ್ ಅವರದು. ಹಿಂದೀ ಚಲಚ್ಚಿತ್ರಗಳ ವಾದ್ಯವೃಂದದಲ್ಲಿ ನುಡಿಸಿ ಜೀವನ ಸಾಗಿಸುತ್ತಿದ್ದ ವಾದಕರು ಅವರು. ೧೯೮೨ರಲ್ಲಿ, ಡಿಸ್ಕೊ ಹಾಡುಗಳ ಭರಾಟೆಯ ನಡುವೆ, ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಅಳವಡಿಸಿ ಒಂದು ಧ್ವನಿಮುದ್ರಿಕೆಯನ್ನು ಹೊರತಂದರು. ಭೈರವ, ಲಲಿತ್, ತೋಡಿ, ಯಮನ್, ಮಾಲಕಂಸ್ ಮೊದಲಾದ ರಾಗಗಳು; ನುಡಿಸಿದ್ದು ಮೂರು ಜಪಾನೀ ಯಂತ್ರಗಳಲ್ಲಿ. ಅವುಗಳಲ್ಲಿ ಒಂದು, ಗಿಟಾರಿನ ಮಂದ್ರಸ್ವರಕ್ಕೆ ಬದಲಾಗಿ ಉಪಯೋಗಿಸಲೆಂದು ಮಾಡಿದ ‘ಟಿಬಿ ೩೦೩’ ಎಂಬ ಪುಟ್ಟ ಪೆಟ್ಟಿಗೆ. ಸ್ವರಗಳನ್ನು ಒಂದೊಂದಾಗಿ ಅದರಲ್ಲಿ ತುಂಬಿಟ್ಟರೆ ಅದು ತಪ್ಪದೆ ಆವರ್ತಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುವ ಗುಣವೂ ಅದಕ್ಕುಂಟು. ಜಾರು, ಮೀಂಡುಗಳಲ್ಲಿ ಬೆಳೆದ ನಮ್ಮ ಕಿವಿಗೆ ಈ ಗುಣ ಹೊಸದಲ್ಲ. ಆದರೆ ಕೊಳ್ಳುವವರಿಗೆ ಆ ಮುದ್ರಿಕೆ ಅತ್ತ ಶಾಸ್ತ್ರೀಯವೂ ಅಲ್ಲ, ಇತ್ತ ಸಿನಿಮಾ ಹಾಡೂ ಅಲ್ಲ ಎಂದು ತೋರಿದ್ದೀತು, ಅದು ಮಾರಾಟವಾಗಲಿಲ್ಲ.

೨೦೦೨ರಲ್ಲಿ ಈಡೋ ಬೌಮನ್ ಎಂಬ ಡಚ್ ಸಂಗ್ರಾಹಕನಿಗೆ ದಿಲ್ಲಿಯ ಒಂದು ಅಂಗಡಿಯಲ್ಲಿ ಆ ತಟ್ಟೆ ದೊರೆಯಿತು. ಕೇಳಿದವನು ಬೆಕ್ಕಸಬೆರಗಾದನು. ಏಕೆಂದರೆ ಅದೇ ಯಂತ್ರದಿಂದ, ಅದೇ ಬಗೆಯ ಜಾರುನಾದದಿಂದ, ಅಮೆರಿಕದ ಷಿಕಾಗೋ ನಗರದ ತರುಣರು ‘ಆಸಿಡ್ ಹೌಸ್’ ಎಂಬ ಹೊಸ ಸಂಗೀತವನ್ನು ಪ್ರಕಟಿಸಿದ್ದು ೧೯೮೭ರಲ್ಲಿ. ಇದಾದರೋ ಅದಕ್ಕೂ ಐದು ವರ್ಷ ಹಿಂದಿನದು! ಬೌಮನ್ ಮುಂಬಯಿಗೆ ಹೋಗಿ ಸಿಂಗರನ್ನು ಹುಡುಕಿ ಕಂಡನು; ೨೦೧೦ರಲ್ಲಿ ಮುದ್ರಿಕೆಯನ್ನು ಮತ್ತೆ ಹೊರತಂದನು. ವೃದ್ಧ ವಾದಕರು ಯೂರೋಪಿಗೆ ಹೋಗಿ, ಮೊಮ್ಮಕ್ಕಳ ವಯಸ್ಸಿನ ಶ್ರೋತೃಗಳ ಎದುರು ಆ ರಾಗಗಳನ್ನು ಮತ್ತೆ ನುಡಿಸಿದರು. ೨೦೧೫ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಆವಶ್ಯಕ. ಈ ಸುದ್ದಿ ಹಬ್ಬಿದಾಗ ‘ಆಸಿಡ್ ಹೌಸ್ ಹುಟ್ಟಿದ್ದೇ ಭಾರತದಲ್ಲಿ’ ಎಂದು ಕೆಲವರು ಸಾರಿದರು. ಷಿಕಾಗೋದ ತರುಣರಿಗೆ ಸಿಂಗರ ಮುದ್ರಿಕೆ ತಲಪಿದ್ದಕ್ಕೆ ಆಧಾರವಿಲ್ಲ. ಇಬ್ಬರು ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ತಿರುವಿನಲ್ಲಿ ನಿಂತರು; ಅಷ್ಟೇ ಸತ್ಯ, ಅಷ್ಟೇ ಸಾಕು. ಸಿಂಗರ ಹಿರಿಮೆ ಅವರು ಮೊದಲಿಗರೆಂಬುದರಲ್ಲಿಲ್ಲ. ರಾಗದ ಕಟ್ಟನ್ನು ಯಂತ್ರದ ಕಟ್ಟಿನೊಡನೆ ಕೂಡಿಸಬಹುದೆಂದು ನಂಬಿ ಹತ್ತು ರಾಗಗಳಲ್ಲಿ ಅದನ್ನು ಮಾಡಿ ತೋರಿಸಿದ್ದರಲ್ಲಿದೆ.

ಕಡಲೆಕಾಯಿಯ ಹೊತ್ತಿನ ಚಿತ್ರಗಳು

ಚಲಚ್ಚಿತ್ರದ ವಿಷಯದಲ್ಲಿ ಮರೆವು ಇನ್ನೂ ವಿಲಕ್ಷಣವಾದುದು. ಅಲ್ಲಿ ಕೃತಿ ಭಂಡಾರದಲ್ಲಿ ಅಡಗಿರಲಿಲ್ಲ, ಎಲ್ಲರೆದುರಿಗೆ ಬಂದೂ ಕಾಣದೆ ಹೋಯಿತು.

೧೯೪೮ರಲ್ಲಿ ಸ್ಥಾಪಿತವಾಗಿ, ೨೦೨೨ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದೊಡನೆ ವಿಲೀನವಾದ ಫಿಲಂಸ್ ಡಿವಿಜನ್ನಿನ ಹೆಸರನ್ನು ನಮ್ಮ ಹಿರಿಯರೆಲ್ಲ ಬಲ್ಲರು. ಅದರ ವಾರ್ತಾಚಿತ್ರಗಳನ್ನೂ ಸಾಕ್ಷ್ಯಚಿತ್ರಗಳನ್ನೂ ಮುಖ್ಯ ಚಿತ್ರಕ್ಕೆ ಮೊದಲು ಚಿತ್ರಮಂದಿರಗಳು ಕಡ್ಡಾಯವಾಗಿ ತೋರಿಸಬೇಕಾಗಿದ್ದಿತು. ಪ್ರೇಕ್ಷಕರು ಅವನ್ನು ಕಡಲೆಕಾಯಿ ಕೊಳ್ಳುವ ಹೊತ್ತೆಂದೇ ಎಣಿಸಿದ್ದರು. ಪ್ರಮೋದ್ ಪತಿ ಎಂಬ ಒರಿಸ್ಸಾದ ತರುಣ ನಿರ್ದೇಶಕರು ಆ ಸಂಸ್ಥೆಯಲ್ಲಿದ್ದರು. ಪ್ರಾಗ್ ನಗರದಲ್ಲಿ, ಬೊಂಬೆಚಿತ್ರಗಳಿಗೆ ಹೆಸರಾದ ಇರ್ಜಿ ತ್ರಂಕಾ ಅವರಲ್ಲಿ ಕಲಿತು ಬಂದವರು. ೧೯೬೮ರಲ್ಲಿ ‘ಎಕ್ಸ್‌ಪ್ಲೋರರ್’, ೧೯೭೨ರಲ್ಲಿ ‘ಆಬಿದ್’ ಎಂಬ ಕಿರುಚಿತ್ರಗಳನ್ನು ತೆಗೆದರು.

‘ಆಬಿದ್’ ಚಿತ್ರದ ತಂತ್ರವನ್ನು ತುಸು ವಿವರಿಸಬೇಕು. ಚಲಚ್ಚಿತ್ರವೆಂದರೆ ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಓಡುವ ನಿಶ್ಚಲ ಚಿತ್ರಗಳು. ಬೊಂಬೆಯನ್ನು ಒಂದಿಷ್ಟು ಸರಿಸಿ ಒಂದು ಚಿತ್ರ, ಮತ್ತೊಂದಿಷ್ಟು ಸರಿಸಿ ಮತ್ತೊಂದು ಚಿತ್ರ ಹೀಗೆ ತೆಗೆದರೆ ತೆರೆಯ ಮೇಲೆ ಬೊಂಬೆ ನಡೆಯುತ್ತದೆ. ಬೊಂಬೆಯ ಬದಲು ಜೀವಂತ ಮನುಷ್ಯನನ್ನೇ ನಿಲ್ಲಿಸಿ ಹೀಗೆ ಮಾಡಿದರೆ? ಅವನು ಕಾಲೆತ್ತದೆ ನೆಲದ ಮೇಲೆ ಜಾರುತ್ತಾನೆ. ಒಂದು ಮೂಲೆಯಲ್ಲಿ ಮಾಯವಾಗಿ ಇನ್ನೊಂದು ಮೂಲೆಯಲ್ಲಿ ಮೂಡುತ್ತಾನೆ. ಕೆನಡಾದ ನಾರ್ಮನ್ ಮೆಕ್‌ಲಾರೆನ್ ೧೯೫೨ರ ‘ನೇಬರ್ಸ್’ ಚಿತ್ರದಲ್ಲಿ ಈ ತಂತ್ರಕ್ಕೆ ಖ್ಯಾತಿ ತಂದಿದ್ದನು. ಪತಿಯವರು ಚಿತ್ರಕಾರ ಆಬಿದ್ ಸುರ್ತಿ ಅವರನ್ನೇ ಹೀಗೆ ಬೊಂಬೆಯಾಗಿಸಿದರು. ಕೋಣೆಯ ಬರಿ ಗೋಡೆಗಳು ಚಿತ್ರಕಾರನ ಸುತ್ತ ಬಣ್ಣದಿಂದ ತುಂಬುತ್ತ ಹೋಗುವುದನ್ನು ನೋಡುವಾಗ, ಬಣ್ಣ ಅವನನ್ನು ಬರೆಯುತ್ತಿದೆಯೋ ಅವನು ಬಣ್ಣವನ್ನು ಬರೆಯುತ್ತಿದ್ದಾನೆಯೋ ಎಂಬ ಭ್ರಾಂತಿ ಹುಟ್ಟುತ್ತದೆ. ಬಂಧದಲ್ಲಿರುವ ಸರಕಾರಿ ಕಛೇರಿಯೊಂದರಿಂದ ಇಂಥ ಸ್ವಚ್ಛಂದ ಚಿತ್ರ ಹೊರಟದ್ದೇ ಒಂದು ವಿಚಿತ್ರ. ಪತಿಯವರು ೧೯೭೫ರಲ್ಲಿ, ನಡುವಯಸ್ಸಿನಲ್ಲಿಯೇ, ತೀರಿಕೊಂಡರು. ಈ ಶತಮಾನದಲ್ಲಿ ಆ ಚಿತ್ರಗಳನ್ನು ಉತ್ಸವಗಳಲ್ಲಿ ಮತ್ತೆ ತೋರಿಸಿದ ಮೇಲೆ ಅವರ ಹೆಸರು ಚಲಚ್ಚಿತ್ರಾಭ್ಯಾಸಿಗಳ ನಾಲಗೆಯ ಮೇಲೆ ನಿಂತಿದೆ.

ತಡವಾದ ಶೋಧ

ಚರಣ್‌ಜಿತ್ ಸಿಂಗರನ್ನು ಹುಡುಕಿದವನಿಗೆ ಅವರು ಬದುಕಿರುವಾಗಲೇ ಸಿಕ್ಕಿದರು. ಎಲ್ಲರಿಗೂ ಆ ಭಾಗ್ಯವಿಲ್ಲ. ಅಮೆರಿಕದ ವಿವಿಯನ್ ಮೇಯರ್ ಎಂಬಾಕೆ ಪರರ ಮನೆಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ದಾದಿಯಾಗಿ ದುಡಿದವಳು. ಕೊರಳಿಗೆ ಕ್ಯಾಮೆರಾ ತೂಗುಹಾಕಿಕೊಂಡು ಬೀದಿಬೀದಿ ಅಲೆದು ಒಂದು ಲಕ್ಷಕ್ಕೂ ಮಿಕ್ಕ ಛಾಯಾಚಿತ್ರಗಳನ್ನು ತೆಗೆದಳು. ಬಹುಪಾಲನ್ನು ಯಾರಿಗೂ ತೋರಿಸಲಿಲ್ಲ. ಎಷ್ಟೋ ಸುರುಳಿಗಳನ್ನು ತೊಳೆಸಲೂ ಇಲ್ಲ. ಬಾಡಿಗೆ ಬಾಕಿಯಾದ್ದರಿಂದ ಅವಳ ಉಗ್ರಾಣದ ಸಾಮಾನು ೨೦೦೭ರಲ್ಲಿ ಹರಾಜಾಯಿತು. ಷಿಕಾಗೋದ ಜಾನ್ ಮಾಲೂಫ್ ಎಂಬ ತರುಣನು ತನ್ನ ಬಡಾವಣೆಯ ಚರಿತ್ರೆಗೆ ಚಿತ್ರಗಳು ಸಿಕ್ಕಾವೆಂದು ಒಂದು ಪೆಟ್ಟಿಗೆಯನ್ನು ಕೊಂಡನು. ಬೇಕಾದ ಚಿತ್ರ ಅದರಲ್ಲಿರಲಿಲ್ಲ, ಬೇರೇನೋ ಇದ್ದಿತು. ಅದನ್ನು ತೆಗೆದವರು ಯಾರೆಂದು ಅವನು ೨೦೦೯ರಲ್ಲಿ ಹುಡುಕಿದಾಗ ಸಿಕ್ಕಿದ್ದು ಕೆಲವೇ ದಿನಗಳ ಹಿಂದೆ ಅಚ್ಚಾಗಿದ್ದ ಅವಳ ಮರಣವಾರ್ತೆ. ಇಂದು ಅವಳ ಚಿತ್ರಗಳು ದೇಶದೇಶಗಳಲ್ಲಿ ಪ್ರದರ್ಶಿತವಾಗುತ್ತಿವೆ. ಆದರೆ ಯಾತಕ್ಕಾಗಿ ತೆಗೆದೆ, ಏಕೆ ಮುಚ್ಚಿಟ್ಟೆ, ಇವನ್ನು ಹೊರಗಿಡಲು ನಿನ್ನ ಒಪ್ಪಿಗೆಯುಂಟೆ ಎಂದು ಕೇಳಲು ಅವಳಿಲ್ಲ.

ವಿಚಿತ್ರವಾದುದೆಲ್ಲ ಕಲೆಯೆ?

ಇಷ್ಟನ್ನು ಓದಿದ ವಾಚಕರು ನ್ಯಾಯವಾಗಿಯೇ ಕೇಳಬಹುದು: ಹಾಗಾದರೆ ವಿಚಿತ್ರವಾದುದೆಲ್ಲ ಕಲೆಯೆ? ಖಂಡಿತ ಅಲ್ಲ. ನಮ್ಮ ಕೈಯಲ್ಲಿರುವ ಮೊಬೈಲು ನಿಮಿಷಕ್ಕೊಂದು ವಿಚಿತ್ರವನ್ನು ತೋರಿಸುತ್ತಲೇ ಇರುತ್ತದೆ. ಸಂಜೆಗೆ ಒಂದೂ ನೆನಪಿನಲ್ಲಿರುವುದಿಲ್ಲ. ಅವು ನಾವು ಕಂಡುಕೊಂಡವಲ್ಲ, ನಮಗೆ ಉಣಬಡಿಸಿದವು. ಮೇಲಿನ ಉದಾಹರಣೆಗಳನ್ನು ಹೋಲಿಸಿ ನೋಡಿದಾಗ ಮೂರು ಲಕ್ಷಣಗಳು ನನಗೆ ತೋರುತ್ತವೆ. ಮೊದಲನೆಯದಾಗಿ, ಅವುಗಳ ಹಿಂದೆ ದೀರ್ಘವಾದ ಶ್ರಮವಿದೆ. ಮೂವತ್ತಮೂರು ವರ್ಷ ಯಾರೂ ತಮಾಷೆಗೆ ಕಲ್ಲು ಹೊರುವುದಿಲ್ಲ. ಎರಡನೆಯದಾಗಿ, ಅವುಗಳಿಗೆ ತಮ್ಮದೇ ಒಂದು ನಿಯಮವಿದೆ. ನೇಕ್ ಚಂದರ ಬೊಂಬೆಯಲ್ಲಿ ಯಾವ ಬಳೆಚೂರು ಎಲ್ಲಿ ಕೂಡಬೇಕೋ ಅಲ್ಲಿಯೇ ಕೂಡಿದೆ; ಸಿಂಗರ ಯಂತ್ರ ರಾಗದ ಹಾದಿಯನ್ನು ಬಿಟ್ಟು ಹೋಗುವುದಿಲ್ಲ. ಮೂರನೆಯದಾಗಿ, ಎರಡನೆಯ ಬಾರಿ ನೋಡಿದಾಗ ಅವು ಮೊದಲಿಗಿಂತ ಹೆಚ್ಚನ್ನು ಕೊಡುತ್ತವೆ. ಬರಿಯ ಚೋದ್ಯ ಎರಡನೆಯ ನೋಟಕ್ಕೆ ಬತ್ತಿಹೋಗುತ್ತದೆ.

ಶೋಧಿಸುವವನಿಗೂ ಕೆಲವು ಧರ್ಮಗಳುಂಟು. ನಗುವ ಮುನ್ನ ನಿಲ್ಲಬೇಕು. ಮಾಡಿದವರು ಬದುಕಿರುವಾಗಲೇ ಅವರ ಹೆಸರನ್ನೂ ಅವರ ಮಾತನ್ನೂ ಕೇಳಬೇಕು. ಕೇಳಿದ್ದನ್ನು ಬರೆದಿಡಬೇಕು. ಇದ್ದುದನ್ನು ಇದ್ದಷ್ಟೇ ಹೇಳಬೇಕು. ಈ ನಾಲ್ಕನ್ನು ಬರೆಯುವುದು ಸುಲಭ. ನಾನು ಮೊದಲನೆಯದರಲ್ಲಿಯೇ ಸೋತವನು.

ಒಂದು ತಪ್ಪೊಪ್ಪಿಗೆ

ನಮ್ಮ ಊರಿನ ಮನೆಯ ಹಿತ್ತಲಿನಲ್ಲಿ ಒಂದು ಮಣ್ಣಿನ ಗೋಡೆ ಇದ್ದಿತು. ನಮ್ಮ ತಾತನ ತಮ್ಮ, ನಾವು ಚಿಕ್ಕತಾತ ಎನ್ನುತ್ತಿದ್ದವರು, ಬೇಸಾಯದ ಬಿಡುವಿನಲ್ಲಿ ಆ ಗೋಡೆಗೆ ಹಸಿಮಣ್ಣು ಮೆತ್ತಿ ಅದರಲ್ಲಿ ಬಳೆಚೂರು, ಒಡೆದ ಬಸಿಯ ಚೂರು, ಸೋಡಾ ಬಾಟಲಿಯ ಗೋಲಿ ಇವುಗಳನ್ನು ಒತ್ತುತ್ತಿದ್ದರು. ನವಿಲುಗಳಿದ್ದುವು. ಒಂದು ತೇರಿದ್ದಿತು. ಗಡಿಯಾರದ ಮುಳ್ಳುಗಳಿಂದ ಕೊಂಬು ಮಾಡಿದ್ದ ಒಂದು ಎತ್ತು ನನಗೆ ಚೆನ್ನಾಗಿ ನೆನಪಿದೆ. ಊರಿನವರು ಅದನ್ನು ಹುಚ್ಚುಗೋಡೆ ಎನ್ನುತ್ತಿದ್ದರು. ನಾವು ಹುಡುಗರೂ ಹಾಗೆಯೇ ಅಂದು ನಗುತ್ತಿದ್ದೆವು. ಒಮ್ಮೆ, “ತಾತ, ಇದೆಲ್ಲ ಯಾಕೆ ಮಾಡ್ತೀರಿ?” ಎಂದು ಕೇಳಿದ್ದೆ. “ಸುಮ್ನೆ ಕಣಪ್ಪ” ಎಂದು ಅವರು ಗೋಲಿಯನ್ನು ಪಂಚೆಯ ತುದಿಯಿಂದ ಒರೆಸುತ್ತ ಕುಳಿತರು. ನಾನು ಅಲ್ಲಿ ಕೂರಲಿಲ್ಲ, ಆಟಕ್ಕೆ ಓಡಿದೆ.

ಅವರು ಹೋದ ಮರುವರ್ಷ ಹಿತ್ತಲಿನಲ್ಲಿ ಹೊಸ ಬಚ್ಚಲುಮನೆ ಕಟ್ಟಬೇಕೆಂದು ಮನೆಯವರು ಆ ಗೋಡೆಯನ್ನು ಕೆಡವಿಸಿದರು. ನಾನು ರಜೆಯಲ್ಲಿ ಊರಿನಲ್ಲಿಯೇ ಇದ್ದೆ. ಜೇಬಿನಲ್ಲಿ ಮೊಬೈಲಿದ್ದಿತು. ಆ ವಾರದಲ್ಲಿ ಅದರಲ್ಲಿ ನೂರು ಚಿತ್ರಗಳನ್ನಾದರೂ ತೆಗೆದಿದ್ದೇನೆ. ಗೋಡೆಯದು ಒಂದೂ ಇಲ್ಲ. ಅಜ್ಜಿ ಮಾತ್ರ ಮಣ್ಣಿನ ಹೆಂಟೆಗಳ ನಡುವೆ ಬಗ್ಗಿ, ಒಂದು ಗೋಲಿಯನ್ನು ಆರಿಸಿ ಸೆರಗಿನ ತುದಿಗೆ ಕಟ್ಟಿಕೊಂಡರು. ಅದನ್ನೂ ಆಗ ವಿಚಿತ್ರವೆಂದೇ ಎಣಿಸಿದೆ.

ಕಳೆದ ವರ್ಷ ನಮ್ಮ ಕಾಲೇಜಿನ ಪುಸ್ತಕಭಂಡಾರದಲ್ಲಿ ಒಂದು ಪುಸ್ತಕವನ್ನು ತಿರುವಿಹಾಕುತ್ತಿದ್ದಾಗ ನೇಕ್ ಚಂದರ ತೋಟದ ಚಿತ್ರವೊಂದು ಕಣ್ಣಿಗೆ ಬಿದ್ದಿತು. ಬಳೆಚೂರುಗಳ ಸೀರೆಯುಟ್ಟ ನರ್ತಕಿಯರ ಸಾಲು. ಬಹಳ ಹೊತ್ತು ಆ ಪುಟವನ್ನು ಮುಗುಚಲಾಗಲಿಲ್ಲ. ಚಿಕ್ಕತಾತ ದೊಡ್ಡ ಕಲಾವಿದರೆಂದು ನಾನು ಹೇಳುತ್ತಿಲ್ಲ. ಹೇಳುವ ಅಧಿಕಾರವನ್ನೇ ಕಳೆದುಕೊಂಡಿದ್ದೇನೆ. ಆ ಗೋಡೆ ಏನಾಗಿತ್ತೆಂದು ತಿಳಿಯಬೇಕಾದರೆ ಎರಡನೆಯ ಬಾರಿ ನೋಡಬೇಕು. ನೋಡಲು ಗೋಡೆ ಇಲ್ಲ.

ಸಹಪಾಠಿ ಮಿತ್ರರೆ, ಈ ಕಾಲೇಜಿಗೆ ನಾವು ಎಷ್ಟೋ ಹಳ್ಳಿಗಳಿಂದ ಬರುತ್ತೇವೆ. ನಮ್ಮ ಊರುಗಳಲ್ಲಿ ತಾವೇ ವಾದ್ಯ ಮಾಡಿ ನುಡಿಸುವವರಿರಬಹುದು. ಹೊಲಕ್ಕೆ ಹೊಸ ಬಗೆಯ ಬೆದರುಬೊಂಬೆ ನಿಲ್ಲಿಸುವವರಿರಬಹುದು. ಅಟ್ಟದ ಮೇಲೆ ಹಳೆಯ ಧ್ವನಿಸುರುಳಿಗಳನ್ನಿಟ್ಟುಕೊಂಡವರಿರಬಹುದು. ಅವರೆಲ್ಲ ಶೆವಾಲರಲ್ಲದೆ ಇರಬಹುದು. ಆದರೆ ನಿಂತು ನೋಡದೆ ಹಾಗೆಂದು ತೀರ್ಮಾನಿಸುವ ಹಕ್ಕು ನಮಗಿಲ್ಲ. ಬರುವ ರಜೆಯಲ್ಲಿ ಊರಿಗೆ ಹೋದಾಗ ಅಂಥವರೊಬ್ಬರ ಬಳಿ ಒಂದು ಗಳಿಗೆ ಕುಳಿತು, ಹೆಸರು ಕೇಳಿ, ಅವರ ಮಾತನ್ನು ಬರೆದುಕೊಂಡು, ಅವರ ಒಪ್ಪಿಗೆಯಿಂದ ಒಂದು ಚಿತ್ರ ತೆಗೆದು ತಂದರೆ, ಮುಂದಿನ ವರ್ಷದ ಸಂಚಿಕೆಗೆ ಅದಕ್ಕಿಂತ ಒಳ್ಳೆಯ ಲೇಖನ ಬೇಕಾಗಿಲ್ಲ. ಅಜ್ಜಿಯ ಸೆರಗಿನ ಗೋಲಿ ಈಗ ನನ್ನ ಮೇಜಿನ ಮೇಲಿದೆ. ಆ ಗೋಡೆಯಲ್ಲಿ ಉಳಿದದ್ದು ಅಷ್ಟೆ. ಅದು ಯಾವ ನವಿಲಿನ ಕಣ್ಣಾಗಿದ್ದಿತೋ ನನಗೆ ತಿಳಿಯದು.